ನಿಂತ ಮರ ಓಡುವುದು ಯಾಕೆ

ಭೂಮಿ ಆಗಷ್ಟೇ ಹುಟ್ಟಿತ್ತು. ಅದರ ಮೈಯ ಹಸಿ ಕೂಡ ಇನ್ನೂ ಆರಿರಲಿಲ್ಲ. ಆ ಕಾಲದಲ್ಲಿ ಯಾವುದೂ ಇದ್ದಲ್ಲಿ ಇರುತ್ತಿರಲಿಲ್ಲ.

ಗುಡ್ಡಗಳು ಎಮ್ಮೆಗಳ ಹಾಗೆ ಹಿಂಡು ಕಟ್ಟಿಕೊಂಡು ತಿರುಗುತ್ತಿದ್ದವು. ಬಂಡೆಗಳು ಕರುಗಳ ಹಾಗೆ ಅವುಗಳ ಹಿಂದೆ ಹಿಂದೆ ಉರುಳುತ್ತಿದ್ದವು. ಹೆಂಗಸರು ಸೀರೆಯ ನಿರಿಗೆ ಎತ್ತಿಕೊಂಡು ಹಳ್ಳ ದಾಟುತ್ತಾರಲ್ಲ, ಹಾಗೆ ಮರಗಳು ಬೇರು ಎತ್ತಿಕೊಂಡು ಬಿಸಿಲು ಕಂಡ ಕಡೆ, ನೀರು ಕಂಡ ಕಡೆ ನಡೆದು ಹೋಗುತ್ತಿದ್ದವು. ಜೊಂಡಿನ ಪೊದೆಗಳು ಸಹ ಬಾತುಕೋಳಿಗಳಂತೆ ಸಾಲು ಹಿಡಿದು ಸಾಗುತ್ತಿದ್ದವು.

ಇವೆಲ್ಲದರ ನಡುವೆ ಅಗಲವಾದ ಒಂದು ಹೊಳೆ. ಜನ ಆ ಹೊಳೆಯ ಮೇಲೇ ಬದುಕುತ್ತಿದ್ದರು. ಬಿದಿರು ಹೆಣೆದು, ಅದಕ್ಕೆ ತೊಗಲು ಬಿಗಿದು, ಬುಟ್ಟಿಯಂಥ ದುಂಡನೆಯ ಹರಿಗೋಲು ಮಾಡಿಕೊಳ್ಳುತ್ತಿದ್ದರು. ಅದರಲ್ಲೇ ಅಡುಗೆ, ಅದರಲ್ಲೇ ಊಟ, ಅದರಲ್ಲೇ ನಿದ್ದೆ.

ಆಗ ಊರು ಎಂಬ ಮಾತೇ ಇರಲಿಲ್ಲ. ಎಲ್ಲಿರುತ್ತೀಯ ಎಂದು ಕೇಳಿದರೆ ಒಬ್ಬರು "ನಮ್ಮಕ್ಕನ ಪಕ್ಕ" ಎನ್ನುತ್ತಿದ್ದರು, ಇನ್ನೊಬ್ಬರು "ಮಾವನ ಹಿಂದೆ" ಎನ್ನುತ್ತಿದ್ದರು. ಯಾರಾದರೂ ಮರೆತು "ಬೇವಿನ ಮರದ ಹತ್ತಿರ" ಎಂದರೆ, ಮಾತು ಮುಗಿಯುವುದರೊಳಗೆ ಬೇವಿನ ಮರ ಹೊರಟು ಹೋಗಿರುತ್ತಿತ್ತು.

ಆ ಹೊಳೆಯ ಮೇಲೆ ಮಾಳವ್ವ ಎಂಬ ಹೆಂಗಸು ಇದ್ದಳು. ಅವಳ ತಂಗಿ ಹೊನ್ನವ್ವ. ಅಕ್ಕನಿಗೆ ಒಂದು ಹರಿಗೋಲು, ತಂಗಿಗೆ ಒಂದು. ತಾಯಿ ತೀರಿಕೊಂಡ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ತಾಯಿಯಾಗಿದ್ದರು.

ಎರಡು ಹರಿಗೋಲೂ ಅಂಚಿಗೆ ಅಂಚು ತಾಗಿಸಿಕೊಂಡು ಸಾಗುತ್ತಿದ್ದವು. ಗುಡ್ಡಗಳು ಬಂದವು, ಹೋದವು. ಮರಗಳು ಬಂದವು, ಹೋದವು. ಆದರೆ ಮಾಳವ್ವ ಯಾವಾಗ ತಿರುಗಿ ನೋಡಿದರೂ ಹೊನ್ನವ್ವ ಮಾತ್ರ ಇದ್ದಲ್ಲೇ ಇರುತ್ತಿದ್ದಳು. ಕೈ ಚಾಚಿದರೆ ಸಿಗುತ್ತಿದ್ದಳು. ಇಡೀ ಲೋಕವೇ ಓಡುತ್ತಿದ್ದರೂ ತಂಗಿಯೊಬ್ಬಳು ಓಡುವುದಿಲ್ಲ ಎಂದು ಮಾಳವ್ವ ನಂಬಿದ್ದಳು.

ಹೊನ್ನವ್ವನ ಗಂಡ ಮೀನಿನ ಹಿಂಡು ಕಂಡು ಅದರ ಹಿಂದೆ ಹೋದವನು ಮತ್ತೆ ಸಿಕ್ಕಿರಲಿಲ್ಲ. ಅಂಥದ್ದು ಆಗ ಹೊಸದೇನಲ್ಲ. ವಾಪಸು ಬಾ ಎಂದರೆ ಎಲ್ಲಿಗೆ ವಾಪಸು ಬರಬೇಕು? ಅವನು ಹೋದಾಗ ಹೊನ್ನವ್ವನಿಗೆ ಎರಡು ತಿಂಗಳು. ಈಗ ತುಂಬಿದ ಬಸುರಿ.

"ಹೆದರಬ್ಯಾಡ," ಎಂದು ಮಾಳವ್ವ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. "ಕೂಸು ಬರೂ ಹೊತ್ತಿಗೆ ನಾ ನಿನ್ನ ಪಕ್ಕದಾಗ ಇರ್ತೀನಿ. ಎಲ್ಲಿ ಹೋಗ್ತೀನಿ ಹೇಳು?"

ಒಂದು ದಿನ ಮಧ್ಯಾಹ್ನ. ಗಾಳಿ ಇರಲಿಲ್ಲ, ನೀರು ಎಣ್ಣೆಯ ಹಾಗೆ ನುಣುಪಾಗಿತ್ತು. ಮಾಳವ್ವ ನೀರು ತಳ್ಳುವ ಹುಟ್ಟನ್ನು ಒಳಗೆ ಎತ್ತಿಟ್ಟು, ತಲೆ ಬಗ್ಗಿಸಿ ಮೀನು ಹಸನು ಮಾಡುತ್ತಿದ್ದಳು. ಮೀನು ಬಹಳ ಇತ್ತು. ಎಲ್ಲ ಮುಗಿಸಿ ಕೈ ತೊಳೆಯಲೆಂದು ತಲೆ ಎತ್ತಿದರೆ, ತಂಗಿಯ ಹರಿಗೋಲಿಗೂ ತನ್ನ ಹರಿಗೋಲಿಗೂ ನಡುವೆ ಹತ್ತು ಮಾರು ನೀರು!

"ಹೊನ್ನೀ! ಎಲ್ಲಿಗೆ ಹೊಂಟಿ?" ಎಂದು ಕೂಗಿದಳು.

ಹೊನ್ನವ್ವ ಆ ಕಡೆಯಿಂದ ಕೂಗಿದಳು, "ನಾ ಎಲ್ಲಿ ಹೊಂಟೀನಿ? ನಾ ಇಲ್ಲೇ ಕುಂತೀನಿ. ನೀನೇ ಹೊಂಟಿಯಲ್ಲ ಅಕ್ಕಾ!"

"ನಾ ಹುಟ್ಟು ಮುಟ್ಟೇ ಇಲ್ಲ! ನೀ ದೂರ ಹೋಗೂದು ನನ್ನ ಕಣ್ಣಿಗೆ ಕಾಣಾಕತ್ತೈತಿ!"

"ನಿನ್ನ ಕಣ್ಣಿಗೆ ಏನು ಕಾಣತೈತೋ, ನೀ ಹೋಗೂದು ನನಗೂ ಕಾಣತೈತಿ!"

ನಡುವಿನ ನೀರು ಹತ್ತು ಮಾರು ಇದ್ದದ್ದು ಇಪ್ಪತ್ತಾಯಿತು. ಮಾಳವ್ವನಿಗೆ ಸಿಟ್ಟು ಬಂತು. ನಾಲ್ಕು ಸಲ ಹುಟ್ಟು ಹಾಕಿದ್ದರೆ ತಂಗಿ ಸಿಗುತ್ತಿದ್ದಳು. ಆದರೆ ಅವಳು ಹುಟ್ಟು ಮುಟ್ಟಲಿಲ್ಲ. ನಾನು ಕದಲಿಲ್ಲ, ಹೋದವಳು ಅವಳು, ಹೋದವಳೇ ಬರಲಿ ಎಂದುಕೊಂಡು ಬೆನ್ನು ತಿರುಗಿಸಿ ಕೂತುಬಿಟ್ಟಳು.

ಎಷ್ಟು ಹೊತ್ತು ಕೂತಳೋ. ಸಿಟ್ಟು ಇಳಿದ ಮೇಲೆ ತಿರುಗಿ ನೋಡಿದಳು. ಜೊಂಡಿನ ದೊಡ್ಡ ಪೊದೆಗಳ ಸಾಲೊಂದು ನಡುವೆ ಅಡ್ಡ ಬಂದಿತ್ತು. ಅದು ದಾಟಿ ಹೋಗುವವರೆಗೆ ಕಾದಳು. ಜೊಂಡು ದಾಟಿತು. ಅದರ ಆಚೆ ಬರೀ ನೀರು.

"ಹೊನ್ನೀ!" ಎಂದು ಕೂಗಿದಳು. ನೀರಿನ ಮೇಲೆ ಕೂಗು ಬಹಳ ದೂರ ಹೋಯಿತು. ಉತ್ತರ ಬರಲಿಲ್ಲ.

ಅಂದಿನಿಂದ ಮಾಳವ್ವನ ಹುಡುಕಾಟ ಶುರುವಾಯಿತು.

ಮೊದಲು ಒಂದು ಕೊಕ್ಕರೆ ಸಿಕ್ಕಿತು. "ಯಪ್ಪಾ ಕೊಕ್ಕರೆ, ನನ್ನ ತಂಗಿನ್ನ ಕಂಡೇನು? ತುಂಬಿದ ಬಸುರಿ, ಒಬ್ಬಾಕಿ ಹರಿಗೋಲಿನಾಗ ಅದಾಳ."

"ಕಂಡೆನಲ್ಲ," ಎಂದಿತು ಕೊಕ್ಕರೆ. "ಕರೀ ನೆತ್ತಿ ಗುಡ್ಡದ ಪಕ್ಕದಾಗ ಇದ್ಲು."

ಮಾಳವ್ವ ಕಪ್ಪು ನೆತ್ತಿಯ ಗುಡ್ಡವನ್ನು ಹುಡುಕಿಕೊಂಡು ಹೋದಳು. ಅದು ನಡೆಯುತ್ತಲೇ ಇತ್ತು, ಇವಳು ಹುಟ್ಟು ಹಾಕುತ್ತಲೇ ಇದ್ದಳು. ಕೊನೆಗೆ ಹಿಡಿದು ಕೇಳಿದರೆ ಗುಡ್ಡ ಪ್ರಾಮಾಣಿಕವಾಗಿ ಹೇಳಿತು, "ಮುಂಜಾನೆ ನನ್ನ ಪಕ್ಕದಾಗ ಇದ್ದದ್ದು ಖರೆ. ಆಮೇಲೆ ಆಕಿ ಹೋದ್ಲು. ಇಲ್ಲಾ, ನಾನೇ ಹೋದೆ. ನಮ್ಮಿಬ್ಬರ ನಡುವೆ ಜಾಗ ಆತು ನೋಡವ್ವ, ಅಷ್ಟೇ ನನಗೆ ಗೊತ್ತು."

ಮಾಳವ್ವ ಬಗ್ಗಿ ಹೊಳೆಯನ್ನೇ ಕೇಳಿದಳು. "ಹೊಳೆಯವ್ವಾ, ನೀ ಎಲ್ಲಾ ಕಡೆ ಇರ್ತಿ. ನನ್ನ ತಂಗಿ ಎಲ್ಲಿ ಹೋದ್ಲು?"

ಹೊಳೆ ಮೆಲ್ಲಗೆ ನಕ್ಕಿತು. "ಎಲ್ಲಿ ಹೋದ್ಲು? ಎಲ್ಲೂ ಹೋಗಿಲ್ಲ. ನನ್ನ ತೊಡೀ ಮ್ಯಾಲೆ ಕುಂತಾಳ. ನೀನೂ ನನ್ನ ತೊಡೀ ಮ್ಯಾಲೇ ಕುಂತಿ. ನೀವಿಬ್ಬರೂ ಅಲ್ಲಾಡಿದ್ದನ್ನ ನಾ ನೋಡೇ ಇಲ್ಲ. ದಂಡಿಗಳು ಮಾತ್ರ ಹುಚ್ಚು ಹಿಡಿದವರಂಗ ಹಿಂದಕ್ಕ ಓಡತಾವು."

ಕೊಕ್ಕರೆ ಸುಳ್ಳು ಹೇಳಿರಲಿಲ್ಲ. ಗುಡ್ಡ ಸುಳ್ಳು ಹೇಳಿರಲಿಲ್ಲ. ಹೊಳೆಯೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ನಿಜವನ್ನೇ ಹೇಳಿದ್ದರು. ಆ ನಿಜಗಳನ್ನೆಲ್ಲ ಕಟ್ಟಿಕೊಂಡು ಮಾಳವ್ವ ಏನು ಮಾಡಬೇಕು?

ಅವಳಿಗೆ ಒಂದು ಉಪಾಯ ಹೊಳೆಯಿತು. ಸೀರೆಯ ಕೆಂಪು ಅಂಚಿನಿಂದ ಒಂದು ಚೂರು ಹರಿದು ಹುಣಸೆ ಮರದ ಕೊಂಬೆಗೆ ಕಟ್ಟಿದಳು. ಈ ಜಾಗ ಹುಡುಕಿ ಆಯಿತು, ಇನ್ನು ಇಲ್ಲಿಗೆ ಬರುವುದು ಬೇಡ ಎಂಬ ಗುರುತು ಅದು. ಆಮೇಲೆ ಇಡೀ ದಿನ ಒಂದೇ ಸಮನೆ ಹುಟ್ಟು ಹಾಕಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಮರುದಿನ ಬಿಸಿಲೇರುವ ಹೊತ್ತಿಗೆ ನೋಡುತ್ತಾಳೆ, ಎದುರಿಗೆ ಅದೇ ಹುಣಸೆ ಮರ. ಕೊಂಬೆಯಲ್ಲಿ ಅದೇ ಕೆಂಪು ಚೂರು.

"ಅಯ್ಯೋ, ಸುತ್ತಿ ಸುತ್ತಿ ಇಲ್ಲಿಗೇ ಬಂದ್ನಲ್ಲಪ್ಪಾ!" ಎಂದು ಹಣೆ ಬಡಿದುಕೊಂಡಳು.

ಹುಣಸೆ ಮರಕ್ಕೆ ಪಾಪ ಎನಿಸಿತು. "ಇದು ನಿನ್ನೆಯ ಜಾಗ ಅಲ್ಲಬೇ. ನಾ ನಿನ್ನೆಯಿಂದ ನಡಕೋತ ಬಂದೀನಿ. ಇದು ಬ್ಯಾರೆ ಕಡೆ. ನೀ ಬಟ್ಟೆ ಕಟ್ಟಿದ್ದು ನನಗ, ಜಾಗಕ್ಕಲ್ಲ."

ಮಾಳವ್ವ ಹುಟ್ಟನ್ನು ಕೆಳಗಿಟ್ಟಳು. ಹುಡುಕಿದ ನೀರು ಯಾವುದು, ಹುಡುಕದ ನೀರು ಯಾವುದು ಎಂಬುದೇ ತಿಳಿಯದಿದ್ದರೆ ಜನ್ಮವಿಡೀ ಹುಡುಕಿದರೂ ತಂಗಿ ಸಿಗುವುದಿಲ್ಲ. ಅಲ್ಲಿ ಯಾವುದೋ ನೀರಿನ ಮೇಲೆ ಹೊನ್ನಿಗೆ ನೋವು ಕಾಣಿಸಿಕೊಂಡರೆ ಹಿಡಿಯಲು ಒಂದು ಕೈಯೂ ಇಲ್ಲ. ಮಾಳವ್ವ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು.

ಆ ಅಳು ಕೇಳಿಸಿದ್ದು ಹೆಬ್ಬಂಡೆ ಅಜ್ಜನಿಗೆ. ಎಲ್ಲ ಗುಡ್ಡಗಳಿಗಿಂತ ಹಳೆಯ ಗುಡ್ಡ ಅದು. ಒಂದರ ಮೇಲೊಂದು ಬಂಡೆ ಪೇರಿಸಿದ ಮೈ, ಬಂಡೆ ಸಂದಿಗಳಲ್ಲಿ ಬೆಳೆದ ಹುಲ್ಲೇ ಗಡ್ಡ. ಅವನು ನಡೆಯುತ್ತಿದ್ದದ್ದು ಬಹಳ ನಿಧಾನ. ಮಾತೂ ಅಷ್ಟೇ ನಿಧಾನ.

"ಯಾಕಬೇ ಮಗಳ... ಅಳಾಕತ್ತೀ?"

ಮಾಳವ್ವ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ ಕೈ ಮುಗಿದಳು. "ಅಜ್ಜಾ, ನಿನ್ನ ಕಾಲಿಗೆ ಬೀಳ್ತೀನಿ. ನೀ ಒಬ್ಬ ನಿಂದ್ರು. ನಿನ್ನಿಂದ ಹೊಂಟು ಒಂದು ಕಡೆ ಹುಡುಕಿ, ಮತ್ತ ನಿನ್ನ ಹತ್ತಿರ ಬಂದು, ಇನ್ನೊಂದು ಕಡೆ ಹೋಗ್ತೀನಿ. ನೀ ನಿಂತ್ರ ನಾ ಎಷ್ಟು ಬಂದೆ, ಎತ್ತಾಗ ಬಂದೆ ಅಂತ ನನಗ ತಿಳೀತೈತಿ."

ಅಜ್ಜ ಬಹಳ ಹೊತ್ತು ಯೋಚಿಸಿದ. ಆಮೇಲೆ ಕಾಲೂರಿ ನಿಂತ. ಭೂಮಿಯ ಮೇಲೆ ಅಲ್ಲಿಯವರೆಗೆ ಯಾರೂ ಮಾಡದ ಕೆಲಸ ಅದು.

ಅಷ್ಟರಲ್ಲಿ ಒಂದು ತಾಳೆ ಮರ ದಾಪುಗಾಲು ಹಾಕುತ್ತ ಪಕ್ಕದಲ್ಲೇ ಹಾದು ಹೋಯಿತು. ಹೋಗುತ್ತ ಹೋಗುತ್ತ ತಿರುಗಿ ಅಜ್ಜನನ್ನು ನೋಡಿ ಕೂಗಿತು, "ಏ ಅಜ್ಜಾ! ಇಷ್ಟು ಜೋರಾಗಿ ಹಿಂದಕ್ಕ ಯಾಕ ಓಡ್ತಿ? ಬೀಳ್ತಿ ನೋಡು!"

ಅಜ್ಜ ನಿಟ್ಟುಸಿರು ಬಿಟ್ಟ. "ಕೇಳಿದೇನವ್ವಾ? ನಾ ಒಬ್ಬ ನಿಂತ್ರ ಏನಾತು? ಎಲ್ಲಾರೂ ನನ್ನನ್ನ ಓಡೋನು ಅಂತಾರ. ನಿಂತೀನಿ ಅನ್ನಾಕ ನನಗೊಬ್ಬ ಜೊತೆಗಾರ ಬೇಕು. ಒಬ್ಬ ಸಾಲೂದಿಲ್ಲ. ನಾವು ಬಹಳ ಮಂದಿ ಒಟ್ಟಿಗೆ ನಿಂತು, ಇದಕ್ಕೆ ನಿಲ್ಲೂದು ಅಂತ ಹೆಸರಿಡೋಣು ಅಂತ ಮಾತಾಡಿಕೊಂಡ್ರ, ಅವತ್ತು ನಿಲ್ಲೂದು ಅನ್ನೂದು ಹುಟ್ಟತೈತಿ."

ಅಜ್ಜ ಎಲ್ಲರನ್ನೂ ಕರೆದ. ಅವನ ದನಿ ನೆಲದೊಳಗಿಂದ ಹೋಯಿತು. ಗುಡ್ಡಗಳು ಬಂದವು, ಬಂಡೆಗಳು ಬಂದವು, ಆಲ, ಬೇವು, ಹುಣಸೆ, ತಾಳೆ ಎಲ್ಲ ಬಂದವು. ಜೊಂಡುಗಳೂ ಬಂದು ನೀರಂಚಿಗೆ ಸೇರಿದವು. ಮಾಳವ್ವ ಹರಿಗೋಲಿನಲ್ಲಿ ಎದ್ದು ನಿಂತು ಮತ್ತೆ ತನ್ನ ಕಥೆ ಹೇಳಿದಳು.

ನಿಲ್ಲುವುದೆಂದರೆ ಸಣ್ಣ ಮಾತೇ?

"ಹೊಳೀ ಆಚೆ ಏನೈತಿ ಅಂತ ನಾ ಇನ್ನೂ ನೋಡೇ ಇಲ್ಲ," ಎಂದಿತು ಬೇವು.

"ನಾ ನಿಂತ್ರ ಬಿಸಲಿಗೆ ಬಿಸಲು, ಮಳಿಗೆ ಮಳಿ," ಎಂದಿತು ಇನ್ನೊಂದು ಗುಡ್ಡ. ಅದು ಹೆಬ್ಬಂಡೆ ಅಜ್ಜನ ಸ್ವಂತ ತಮ್ಮ, ಬಿಳಿ ಮೈಯ ಬೂದಿಗುಡ್ಡ. "ಅಣ್ಣಾ, ನಮಗ್ಯಾಕ ಈ ಹೆಣ್ಣುಮಗಳ ಉಸಾಬರಿ? ನಡಿ, ಹೋಗೂಣು."

ಆಗ ಹಿಂದುಗಡೆಯಿಂದ ಆಲದ ಮರ ಮುಂದೆ ಬಂತು. ಅದು ಯಾವಾಗಲೂ ಕಡಿಮೆ ಮಾತಿನ ಮರ. "ನನ್ನ ಬೀಜ ಬಿದ್ದು ಒಂದು ಸಸಿ ಹುಟ್ಟಿತ್ತು," ಎಂದು ಹೇಳಿತು. "ಎರಡೇ ಎರಡು ಎಲಿ ಇದ್ದವು. ನಾ ನೀರು ಕುಡಿಯಾಕ ನಾಲ್ಕು ಹೆಜ್ಜಿ ಹೋಗಿ ಬಂದೆ. ಬಂದೆ ಅಂತ ನಾ ಅಂದುಕೊಂಡೆ. ಎಲ್ಲಿಗೆ ಬಂದೆನೋ ಯಾರಿಗೆ ಗೊತ್ತು? ಸಸಿ ಇರಲಿಲ್ಲ. ಇವತ್ತಿಗೂ ದಾರಿಯಾಗ ಯಾವ ಆಲ ಕಂಡ್ರೂ, ಇದು ನನ್ನ ಕೂಸೇನು ಅಂತ ನೋಡ್ತೀನಿ." ಅದು ಮಾಳವ್ವನ ಕಡೆ ತಿರುಗಿತು. "ನಾ ನಿಂದರ್ತೀನಿ."

ಆಲದ ಮಾತು ಕೇಳಿ ಬಹಳ ಮರಗಳಿಗೆ ತಮ್ಮ ತಮ್ಮ ಕಳೆದುಹೋದವರು ನೆನಪಾದರು. ಒಂದೊಂದಾಗಿ ತಲೆಯಾಡಿಸಿದವು. ಹುಣಸೆ ಮಾತ್ರ ಇನ್ನೂ ಬೇರು ತುದಿಯಲ್ಲಿ ನೆಲ ಕೆರೆಯುತ್ತಿತ್ತು.

"ನಾನೂ ಒಪ್ಪತೀನಿ," ಎಂದಿತು ಹುಣಸೆ. "ಆದ್ರ ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ನನಗ ಓಡೂದು ಅಂದ್ರ ಬಹಳ ಇಷ್ಟ. ಇಳಿಜಾರಿನಾಗ ಓಡೂವಾಗ ಎಲಿಯೆಲ್ಲಾ ಹಿಂದಕ್ಕ ಹಾರತಾವು. ಇನ್ನ ಮ್ಯಾಲೆ ಒಂದು ಸಲನೂ ಓಡೂಹಂಗಿಲ್ಲೇನು?"

ಎಲ್ಲರೂ ಮಾಳವ್ವನನ್ನು ನೋಡಿದರು.

ಮಾಳವ್ವನಿಗೆ ತಾಳೆ ಮರ ಕೂಗಿದ್ದು ನೆನಪಾಯಿತು. ನಿಂತ ಅಜ್ಜ ಅದರ ಕಣ್ಣಿಗೆ ಓಡುವಂತೆ ಕಂಡಿದ್ದ. ಅವಳು ನಿಧಾನವಾಗಿ ಮಾತು ಜೋಡಿಸಿದಳು.

"ನೀವು ನಿಂತ್ರ, ಹೋಗೋರು ನಾವು. ಹೋಗೋರ ಕಣ್ಣಿಗೆ ನಿಂತೋರು ಓಡಿದಂಗ ಕಾಣತೈತಿ. ನಮಗಾಗಿ ನಿಂತೋರಿಗೆ ನಮ್ಮ ಓಟ ಕೊಡ್ತೀವಿ. ನಾನಾಗಲಿ, ನನ್ನ ಮಕ್ಕಳು ಮೊಮ್ಮಕ್ಕಳಾಗಲಿ ನಿಮ್ಮ ಪಕ್ಕದಾಗ ಹಾದು ಹೋಗೂವಾಗ, ನಾ ಓಡ್ತೀನಿ ಅನ್ನೂದಿಲ್ಲ. ಮರ ಓಡಾಕತ್ತೈತಿ ನೋಡು ಅಂತೀವಿ. ಬಾಯ್ತುಂಬ ಅಂತೀವಿ."

ಹುಣಸೆ ಮರದ ಎಲೆಗಳೆಲ್ಲ ಸಣ್ಣಗೆ ನಡುಗಿದವು. "ಜೋರಾಗಿ ಓಡಿಸ್ತೀಯೇನು?"

"ಹತ್ತಿರ ಇದ್ದಷ್ಟೂ ಜೋರು."

"ಹಂಗಾದ್ರ ನಾ ದಾರೀ ಪಕ್ಕದಾಗೇ ನಿಂದರ್ತೀನಿ," ಎಂದು ಹುಣಸೆ ಎಲ್ಲರಿಗಿಂತ ಮೊದಲು ಓಡಿ ಹೋಗಿ ದಂಡೆಯ ಅಂಚು ಹಿಡಿಯಿತು. ಅದರ ಹಿಂದೆ ಬೇವು, ಆಲ, ತಾಳೆ ಎಲ್ಲ ನುಗ್ಗಿದವು.

ಹೆಬ್ಬಂಡೆ ಅಜ್ಜ ನಕ್ಕ. "ನನ್ನನ್ನ ಅಷ್ಟು ಓಡಿಸಬ್ಯಾಡ್ರವ್ವಾ. ನನಗ ವಯಸ್ಸಾತು. ನಾ ದೂರ ನಿಂದರ್ತೀನಿ. ಮೆಲ್ಲಕ ಒಂದು ಸುತ್ತು ತಿರುಗಿಸಿದ್ರ ಸಾಕು."

ಹಗಲ ಆಕಾಶದಲ್ಲಿ ಅರ್ಧ ಅಳಿಸಿದ ಹಾಗಿದ್ದ ಚಂದ್ರ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. "ನಿನಗೇನು ಕೊಡೋಣಪ್ಪಾ?" ಎಂದು ಮಾಳವ್ವ ಅವನನ್ನೂ ಕೇಳಿದಳು.

"ನನಗೇನೂ ಬ್ಯಾಡ," ಎಂದ ಚಂದ್ರ. "ನಾ ಎಷ್ಟು ದೂರ ಅದೀನಿ ಅಂದ್ರ, ನನ್ನನ್ನ ಬಿಟ್ಟು ಹೋಗಾಕ ನಿನಗ ಆಗೂದೇ ಇಲ್ಲ. ಒಬ್ಬಾಕಿ ಹೊಂಟಿ, ಜೊತಿಗೆ ಬರ್ತೀನಿ ನಡಿ."

ಒಪ್ಪದವರೂ ಇದ್ದರು. ಬೂದಿಗುಡ್ಡ ಅಣ್ಣನ ಮುಖ ನೋಡಿತು. ಅಣ್ಣ ತಮ್ಮನ ಮುಖ ನೋಡಿದ. "ನನ್ನ ಕೈಲೆ ಆಗೂದಿಲ್ಲ ಅಣ್ಣಾ," ಎಂದು ತಮ್ಮ ಮೆಲ್ಲಗೆ ಹೇಳಿದ. ಅಜ್ಜ ಅವನನ್ನು ಬೈಯಲಿಲ್ಲ. ಬೂದಿಗುಡ್ಡವೂ ಅದರಂಥ ಇನ್ನಷ್ಟು ಬಿಳಿ ಗುಡ್ಡಗಳೂ ನೆಲ ಬಿಟ್ಟು ಹಗುರಾಗಿ ಮೇಲೆದ್ದವು. ತಿರುಗುವ ಆಸೆ ತೀರದ ಆ ಗುಡ್ಡಗಳನ್ನೇ ನಾವು ಮೋಡ ಎನ್ನುವುದು. ಒಮ್ಮೊಮ್ಮೆ ಅವು ಹಳೆಯ ಗುಡ್ಡದ ನೆತ್ತಿಯ ಮೇಲೆ ತುಸು ಹೊತ್ತು ಕೂತು ಹೋಗುತ್ತವೆ. ಯಾಕೆಂದು ಈಗ ನಿಮಗೆ ಗೊತ್ತಾಯಿತಲ್ಲ.

ಉಳಿದವರೆಲ್ಲ ನಿಂತರು.

ಮರಗಳು ಬೇರು ಇಳಿಬಿಟ್ಟವು. ಬಂಡೆಗಳು ಒಂದರ ಹೆಗಲಿಗೊಂದು ಒರಗಿದವು. ಜೊಂಡು ಕೆಸರು ಹಿಡಿಯಿತು. ಭೂಮಿ ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದ ಸದ್ದೊಂದು ಆಗ ಸುಮ್ಮನಾಯಿತು. ಅಂಥ ಸದ್ದು ಇತ್ತೆಂದು ಮಾಳವ್ವನಿಗೆ ತಿಳಿದದ್ದೇ ಅದು ನಿಂತ ಮೇಲೆ. ಬೆಳಿಗ್ಗೆ ಆಲದ ಮರದಲ್ಲಿ ಗೂಡು ಬಿಟ್ಟು ಹೋಗಿದ್ದ ಕೊಕ್ಕರೆ, ಬಾಯಲ್ಲಿ ಮೀನು ಹಿಡಿದುಕೊಂಡು ಹಾರಿ ಬಂದು, ನೇರವಾಗಿ ತನ್ನ ಗೂಡಿಗೇ ಇಳಿಯಿತು. ಮರಿಗಳು ಕಿಚಗುಟ್ಟಿದವು. ಕೊಕ್ಕರೆಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಮಾಳವ್ವ ಹುಟ್ಟು ಕೈಗೆತ್ತಿಕೊಂಡಳು. "ಅಜ್ಜಾ, ನಿನ್ನಿಂದ ಹೊಂಟೀನಿ," ಎಂದಳು.

"ಹೋಗಿ ಬಾ ಮಗಳ," ಎಂದ ಅಜ್ಜ. ಹೋಗಿ ಬಾ ಎಂಬ ಮಾತಿಗೆ ಅವತ್ತು ಮೊದಲ ಸಲ ಅರ್ಥ ಬಂದಿತ್ತು.

ಈಗ ಹುಡುಕುವುದು ಸುಲಭವಾಯಿತು. ಅಜ್ಜನ ಬಲಕ್ಕೆ ಹೋಗಿ ನೋಡಿದಳು. ಇಲ್ಲ. ಹಿಂತಿರುಗಿ ಬಂದು ಎಡಕ್ಕೆ ಹೋದಳು. ಇಲ್ಲ. ನೋಡಿದ ನೀರನ್ನು ಮತ್ತೆ ನೋಡಬೇಕಾಗಲಿಲ್ಲ. ಎರಡು ದಿನ ಹೀಗೆ ಕಳೆದವು. ಮೂರನೆಯ ದಿನ, ಹೊಳೆ ಹರಿದು ಹೋಗುವ ಕಡೆಗೆ ಇನ್ನೂ ದೂರ ಹೊರಟಳು. ದಂಡೆಯ ಮರಗಳು ಹಿಂದಕ್ಕೆ ಓಡತೊಡಗಿದವು. "ಓಡು ಹುಣಸೀ, ಓಡು! ಬೇವೂ, ನೀ ಹಿಂದ ಬಿದ್ದಿ ನೋಡು!" ಎಂದು ಮಾತು ಕೊಟ್ಟಂತೆ ಕೂಗಿದಳು. ಮರಗಳಿಗೆ ಎಷ್ಟು ಖುಷಿಯಾಯಿತೆಂದರೆ ಅವುಗಳ ಎಲೆಗಳ ಸದ್ದು ಬಹಳ ದೂರದವರೆಗೆ ಅವಳ ಕಿವಿಗೆ ಬೀಳುತ್ತಿತ್ತು.

ಕೈ ಸೋತು ಬಂತು. ಹುಟ್ಟನ್ನು ಒಳಗೆ ಎತ್ತಿಟ್ಟು, ಬೊಬ್ಬೆ ಎದ್ದ ಅಂಗೈಗೆ ತಣ್ಣೀರು ಹಾಕಿಕೊಂಡು ತಲೆ ಎತ್ತಿದಳು.

ಮರಗಳು ಇನ್ನೂ ಓಡುತ್ತಿದ್ದವು.

ಮಾಳವ್ವ ಕಣ್ಣುಜ್ಜಿಕೊಂಡಳು. ಹುಟ್ಟು ಅವಳ ಕಾಲ ಬಳಿ ಬಿದ್ದಿತ್ತು. ಕೈ ಮಡಿಲಲ್ಲಿತ್ತು. ಅವಳು ಒಂದಿಷ್ಟೂ ಅಲ್ಲಾಡಿರಲಿಲ್ಲ. ಆದರೂ ನಿಂತ ಮರಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ಬಹಳ ಹೊತ್ತು ನೋಡಿದಳು. ಕೊನೆಗೆ ಬಗ್ಗಿ ನೀರಿಗೆ ಕೈ ಇಳಿಸಿದಳು.

"ಹೊಳೆಯವ್ವಾ," ಎಂದಳು, "ನಾ ಸುಮ್ಮನ ಕುಂತಾಗೂ ನೀ ನನ್ನನ್ನ ಒಯ್ಯತೀಯೇನು?"

"ಯಾವಾಗಲೂ ಒಯ್ಯತೀನಿ," ಎಂದಿತು ಹೊಳೆ. "ನನ್ನ ಕೆಲಸನೇ ಅದು. ದಂಡಿ ನಿಂತ ಮ್ಯಾಲೆ ನನಗೂ ತಿಳೀತು. ನಡುವಿನ ನೀರಾಗ ಇದ್ದೋರನ್ನ ಬಿರಬಿರನೆ ಒಯ್ಯತೀನಿ. ಅಂಚಿನಾಗ ಇದ್ದೋರನ್ನ ಮೆಲ್ಲಕ."

ಆ ಮಧ್ಯಾಹ್ನ ಅವಳು ಹೀಗೇ ಕೂತಿದ್ದಳು. ಹುಟ್ಟು ಹೀಗೇ ಒಳಗಿತ್ತು. ನಾನು ಕದಲಿಲ್ಲ ಎಂದು ಎಷ್ಟು ಗಟ್ಟಿಯಾಗಿ ಕೂಗಿದ್ದಳು! ಕದಲಲಿಲ್ಲ ಎಂಬುದು ಅವಳ ಕೈಗೆ ಗೊತ್ತಿತ್ತು, ಕಾಲಿಗೆ ಗೊತ್ತಿತ್ತು. ಆದರೆ ಅವಳ ಕೆಳಗಿನ ನೀರಿಗೆ ಬೇರೆಯೇ ಗೊತ್ತಿತ್ತು.

ಅವಳು ಮತ್ತೆ ಹುಟ್ಟು ಹಿಡಿದಳು. ಸಂಜೆಯ ಹೊತ್ತಿಗೆ ಹೊಳೆ ಬಾಗುವಲ್ಲಿ, ಜೊಂಡಿನ ಒಳಗಿಂದ ಒಂದು ನರಳಾಟ ಕೇಳಿಸಿತು.

ಹೊನ್ನವ್ವನ ಹರಿಗೋಲು ಜೊಂಡಿನೊಳಗೆ ಸಿಕ್ಕಿಕೊಂಡಿತ್ತು. ಹೊನ್ನವ್ವ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಕೂತಿದ್ದಳು. ಬೆಳಿಗ್ಗೆಯಿಂದ ನೋವು. ಮುಖ ಬಿಳಿಚಿತ್ತು, ತುಟಿ ಒಡೆದಿತ್ತು. ಅಕ್ಕನನ್ನು ಕಂಡು ಏನೋ ಹೇಳಲು ಬಾಯಿ ತೆರೆದಳು.

ಮಾಳವ್ವ ಅವಳಿಗೆ ಮಾತಾಡಲು ಬಿಡಲಿಲ್ಲ. ಹಾರಿ ತಂಗಿಯ ಹರಿಗೋಲಿಗೆ ಬಂದು ಅವಳ ತಲೆಯನ್ನು ಎದೆಗೊತ್ತಿಕೊಂಡಳು. "ಅವತ್ತು ನಾನೇ ಹೋಗಿರಬೇಕು ತಂಗಿ," ಎಂದಳು. "ನಾ ಕುಂತಲ್ಲೇ ಇದ್ದೆ ಅಂತ ತಿಳಿದಿದ್ದೆ. ನೀರು ನನ್ನನ್ನ ಒಯ್ದಿತ್ತು. ನನಗ ಗೊತ್ತಾಗಲಿಲ್ಲ. ಮ್ಯಾಲೆ ಸಿಟ್ಟು ಬ್ಯಾರೆ ಮಾಡಿದೆ."

ಹೊನ್ನವ್ವ ಅಕ್ಕನ ಕೈ ಬಿಗಿಯಾಗಿ ಹಿಡಿದಳು. "ನಾನೂ ಹುಟ್ಟು ಎತ್ತಿಟ್ಟಿದ್ದೆ ಅಕ್ಕಾ. ಕೆಳಗ ನೀರು ನನಗೂ ಇತ್ತು." ಅಷ್ಟರಲ್ಲಿ ನೋವು ಮತ್ತೆ ಬಂತು. "ಆಮೇಲೆ ಮಾತಾಡೂಣು," ಎಂದು ಕೂಗಿದಳು. ಅಳುತ್ತಿದ್ದ ಮಾಳವ್ವನಿಗೆ ಅದರ ನಡುವೆಯೇ ನಗು ಬಂತು.

ಜೊಂಡು ಹರಿಗೋಲನ್ನು ಅಲ್ಲಾಡದಂತೆ ಹಿಡಿದುಕೊಂಡಿತು. ನೇಸರು ಮುಳುಗುವ ಮೊದಲೇ ಕೂಸು ಹುಟ್ಟಿತು. ಹೆಣ್ಣು ಕೂಸು. ಅದರ ಅಳು ಹೊಳೆ ದಾಟಿ, ಮರ ದಾಟಿ ಹೆಬ್ಬಂಡೆ ಅಜ್ಜನಿಗೂ ಕೇಳಿಸಿತಂತೆ.

ಬಾಣಂತಿ ಚೇತರಿಸಿಕೊಂಡ ಮೇಲೆ ಅಕ್ಕ ತಂಗಿ ಕೂಸನ್ನು ಎತ್ತಿಕೊಂಡು ಅಜ್ಜನ ಬುಡಕ್ಕೆ ಬಂದರು. ಮಾಳವ್ವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದೇ ಇತ್ತು.

"ಅಜ್ಜಾ, ನಿನಗೆ ಎಲ್ಲಾ ಗೊತ್ತೈತಿ. ಖರೆ ಹೇಳು. ಅವತ್ತು ಬಿಟ್ಟು ಹೋದೋರು ಯಾರು? ನಾನೋ, ಆಕಿಯೋ?"

ಅಜ್ಜ ಹೊಳೆಯನ್ನು ನೋಡಿದ, ಮರಗಳನ್ನು ನೋಡಿದ. "ಅವತ್ತು ಯಾರೂ ನಿಂತಿರಲಿಲ್ಲವ್ವಾ," ಎಂದ. "ನಿಂತೋರು ಇಲ್ಲದ ದಿನ, ಹೋದೋರು ಯಾರು ಅಂತ ಹೆಂಗ ಹೇಳೂದು? ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಅಷ್ಟೇ ಅಲ್ಲ, ಯಾರ ಹತ್ತಿರನೂ ಇಲ್ಲ. ಈಗಿನದು ಕೇಳು, ಹೇಳ್ತೀನಿ. ಮೂರು ದಿನ ಕೈ ಬೊಬ್ಬಿ ಬರೂಮಟ ಹುಟ್ಟು ಹಾಕಿ ಬಂದಾಕಿ ನೀನು. ಇದು ನಾ ನೋಡೀನಿ."

ಹೊನ್ನವ್ವ ಕೂಸನ್ನು ಅಕ್ಕನ ತೊಡೆಯ ಮೇಲೆ ಇಟ್ಟಳು.

ಅಕ್ಕ ತಂಗಿ ಅಜ್ಜನ ಬುಡದಲ್ಲೇ ಉಳಿದರು. ಸುದ್ದಿ ಹೊಳೆಯ ಮೇಲೆ ಹರಡಿತು. ಹೆಬ್ಬಂಡೆ ಗುಡ್ಡದ ಹತ್ತಿರ ಸಿಗೋಣ ಎಂದು ಜನ ಒಬ್ಬರಿಗೊಬ್ಬರು ಹೇಳಿ ಕಳಿಸಿದರು. ಕಳೆದುಹೋಗಿದ್ದ ಅಣ್ಣಂದಿರು ಬಂದರು, ಅತ್ತೆಯಂದಿರು ಬಂದರು, ದಾರಿ ತಪ್ಪಿದ ಮಕ್ಕಳು ದೊಡ್ಡವರಾಗಿ ಬಂದರು. ಎಲ್ಲರೂ ಬಂದರು ಎನ್ನಲಾಗದು. ಹೊನ್ನವ್ವನ ಗಂಡ ಬರಲೇ ಇಲ್ಲ. ಅವಳು ಎಷ್ಟೋ ಸಂಜೆ ಗುಡ್ಡ ಹತ್ತಿ ನೀರಿನ ಕಡೆ ನೋಡುತ್ತ ಕೂರುತ್ತಿದ್ದಳು. ಆದರೆ ಈಗ ಅವನಿಗೆ ಬರುವುದಕ್ಕೆ ಒಂದು ಜಾಗ ಇತ್ತು. ಅದೂ ಸಣ್ಣ ಸಮಾಧಾನವಲ್ಲ.

ಬಂದವರು ಗುಡಿಸಲು ಹಾಕಿದರು. ಗುಡಿಸಲುಗಳ ನಡುವೆ ಓಣಿ ಆಯಿತು. ಹಾಗೆ ಭೂಮಿಯ ಮೇಲೆ ಮೊದಲನೆಯ ಊರು ಆಯಿತು. ಹೊನ್ನವ್ವನ ಮಗಳು ದೊಡ್ಡವಳಾದಾಗ, ನೀನು ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ಕೈ ತೋರಿಸಿ "ಅಗೋ, ಆ ಜೊಂಡಿನಾಗ" ಎಂದು ಹೇಳುತ್ತಿದ್ದಳು. ಹಾಗೆ ತೋರಿಸಲು ಸಾಧ್ಯವಾದ ಮೊದಲನೆಯವಳು ಅವಳೇ.

ಮರಗಳು ಮಾತಿನಂತೆ ನಿಂತವು. ನಾವು ಮನುಷ್ಯರು ದೊಡ್ಡವರಾಗುತ್ತ ಆಗುತ್ತ ಕೊಟ್ಟ ಮಾತು ಮರೆತೆವು. ಬಸ್ಸಿನಲ್ಲಿ ಕೂತರೆ ನಿದ್ದೆ ಮಾಡುತ್ತೇವೆ, ಇಲ್ಲವೇ ಊರು ಯಾವಾಗ ಬರುತ್ತದೆ ಎಂದು ಗಡಿಯಾರ ನೋಡುತ್ತೇವೆ. ಮಕ್ಕಳು ಮಾತ್ರ ಮರೆತಿಲ್ಲ. ಅದಕ್ಕೇ ಇಂದಿಗೂ ಕಿಟಕಿಯ ಪಕ್ಕ ಮಗುವೊಂದು ಕೂತ ಕೂಡಲೇ ರಸ್ತೆ ಬದಿಯ ಹುಣಸೆ, ಬೇವು, ಆಲ ಎಲ್ಲ ಎದ್ದೆನೋ ಬಿದ್ದೆನೋ ಎಂದು ಹಿಂದಕ್ಕೆ ಓಡುತ್ತವೆ, ದೂರದ ಗುಡ್ಡ ಮೆಲ್ಲಗೆ ಒಂದು ಸುತ್ತು ತಿರುಗುತ್ತದೆ, ಚಂದ್ರ ಬಿಡದೆ ಜೊತೆಗೇ ಬರುತ್ತಾನೆ, ಆ ಮಗು ಗಾಜಿಗೆ ಮೂಗು ಒತ್ತಿಕೊಂಡು ಬಾಯ್ತುಂಬ ಕೂಗುತ್ತದೆ, "ನೋಡಲ್ಲಿ, ಮರ ಓಡ್ತಾ ಇದೆ!"